ಬೀಗದ ಗುರುತು ಇದ್ದರೆ ವೆಬ್‌ಸೈಟ್ ಅಸಲಿಯೇ? ‘ಸಂಪರ್ಕ ಸುರಕ್ಷಿತವಲ್ಲ’ ಎಂದು ಬಂದರೆ ಏನು ಮಾಡಬೇಕು?

ವಾಟ್ಸಾಪ್ ಗುಂಪುಗಳಲ್ಲಿ ಮೂರು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಮೊದಲನೆಯದು: “ವೆಬ್‌ಸೈಟ್ ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಧೈರ್ಯವಾಗಿ ಹಣ ಹಾಕಬಹುದು.” ಎರಡನೆಯದು: “ಸುರಕ್ಷಿತವಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂದರೆ ಫೋನಿಗೆ ವೈರಸ್ ಹೊಕ್ಕಿದೆ, ಕೂಡಲೇ ಈ ಆ್ಯಪ್ ಹಾಕಿಕೊಳ್ಳಿ.” ಮೂರನೆಯದು ಸಾಮಾನ್ಯವಾಗಿ ಸಂಘ ಸಂಸ್ಥೆಗಳ ಗುಂಪಿನಲ್ಲಿ ಧ್ವನಿ ಸಂದೇಶವಾಗಿ ಬರುತ್ತದೆ: “ನಮ್ಮ ಸೈಟ್ ತೆರೆಯುವಾಗ ಏನೋ ಎಚ್ಚರಿಕೆ ಬರುತ್ತೆ, ಪರವಾಗಿಲ್ಲ, ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗಿ.”

ಈ ಮೂರೂ ತಪ್ಪು. ಹೆಚ್ಚು ಅಪಾಯದ್ದು ಮೂರನೆಯದು, ಏಕೆಂದರೆ ಅದನ್ನು ಹೇಳುವವರು ನಮಗೆ ಗೊತ್ತಿರುವ, ನಾವು ನಂಬುವ ಜನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಇಂದು ಶಾಲೆ, ಸಹಕಾರ ಸಂಘ, ಕಲ್ಯಾಣ ಮಂಟಪ, ದೇವಸ್ಥಾನ ಸಮಿತಿ ಎಲ್ಲಕ್ಕೂ ವೆಬ್‌ಸೈಟ್ ಇರಬಹುದು. ಅದನ್ನು ನೋಡಿಕೊಳ್ಳುವವರು ಬಹುಪಾಲು ಬೇರೆ ಕೆಲಸದ ನಡುವೆ ಇದನ್ನೂ ಮಾಡುವವರು. ಹಾಗಾಗಿ ಈ ಲೇಖನವನ್ನು ಎರಡು ಭಾಗ ಮಾಡಿದ್ದೇವೆ. ಮೊದಲ ಭಾಗ ಫೋನ್ ಹಿಡಿದ ಎಲ್ಲರಿಗೂ. ಎರಡನೆಯದು ಸೈಟ್ ನೋಡಿಕೊಳ್ಳುವವರಿಗೆ.

ಬೀಗ ಹೇಳುವುದು ಏನನ್ನು?

ಅರಕಲಗೂಡಿನಿಂದ ಹಾಸನಕ್ಕೆ ಒಂದು ಅಂಚೆ ಕಾರ್ಡ್ ಬರೆದರೆ ಅದನ್ನು ಮುಟ್ಟಿದ ಪ್ರತಿಯೊಬ್ಬರೂ ಓದಬಹುದು. ವಿಳಾಸ ‘ಎಚ್‌ಟಿಟಿಪಿ’ ಎಂದು ಶುರುವಾಗುವ ಸೈಟ್‌ಗಳು ಹೀಗೆಯೇ. ನೀವು ತುಂಬಿದ ಹೆಸರು, ಮೊಬೈಲ್ ಸಂಖ್ಯೆ, ಪಾಸ್‌ವರ್ಡ್ ಎಲ್ಲವೂ ನಡುವಿನ ದಾರಿಯಲ್ಲಿ ಬಿಚ್ಚಿದ ಕಾಗದದಂತೆ ಹೋಗುತ್ತವೆ. ಹೋಟೆಲಿನ ವೈಫೈ ನಡೆಸುವವರಿಗೂ ಅದು ಕಾಣಬಹುದು. ಬೇಕೆಂದರೆ ಅವರು ಅದನ್ನು ತಿದ್ದಲೂಬಹುದು.

ಕೊನೆಗೆ ಒಂದು ‘ಎಸ್’ ಸೇರಿ ‘ಎಚ್‌ಟಿಟಿಪಿಎಸ್’ ಆದರೆ ಅದೇ ಕಾಗದ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಹೋದಂತೆ. ನಿಮ್ಮ ಫೋನ್ ಮತ್ತು ಆ ಸೈಟ್ ಇರುವ ಸರ್ವರ್ ಮಾತ ತೊಡಗುವ ಮೊದಲೇ ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಕೀಲಿಯನ್ನು ಒಪ್ಪಿಕೊಳ್ಳುತ್ತವೆ. ಈ ವಿಧಾನಕ್ಕೆ ಟಿಎಲ್‌ಎಸ್ ಎಂದು ಹೆಸರು. ಹಳೆಯ ಹೆಸರು ಎಸ್‌ಎಸ್‌ಎಲ್, ಇಂದಿಗೂ ಬಳಕೆಯಲ್ಲಿ ಉಳಿದಿದೆ.

ಆದರೆ ಪೆಟ್ಟಿಗೆಗೆ ಬೀಗ ಹಾಕಿದರೆ ಸಾಲದು, ಅದು ಸರಿಯಾದವರ ಕೈಗೇ ಹೋಗುತ್ತಿದೆಯೇ ಎಂಬುದೂ ಗೊತ್ತಾಗಬೇಕು. ಅದಕ್ಕೆ ಸರ್ಟಿಫಿಕೇಟ್ ಬೇಕು. “ಈ ಕೀಲಿ ಇಂಥ ಹೆಸರಿನ ಸೈಟ್‌ನದ್ದೇ” ಎಂದು ಫೋನ್ ಮೊದಲೇ ನಂಬಿರುವ ಒಂದು ಸಂಸ್ಥೆ ಮುದ್ರೆ ಒತ್ತಿ ಕೊಡುವ ಡಿಜಿಟಲ್ ಪತ್ರ ಅದು.

ಸಂತೆಯ ತಕ್ಕಡಿಯನ್ನು ನೆನೆಸಿಕೊಳ್ಳಿ. ಆಲೂಗಡ್ಡೆ ವ್ಯಾಪಾರಿಯ ತೂಕದ ಬಟ್ಟಿನ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಆ ಮುದ್ರೆ ಹೇಳುವುದು ಒಂದೇ ಮಾತು: ಈ ಬಟ್ಟು ಒಂದು ಕಿಲೋ ಎಂದರೆ ಒಂದು ಕಿಲೋ. ಚೀಲದ ತಳದಲ್ಲಿ ಕೊಳೆತ ಗೆಡ್ಡೆ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಸರ್ಟಿಫಿಕೇಟ್ ಕೂಡ ಹಾಗೆಯೇ. ‘ಈ ಹೆಸರಿನ ಸೈಟ್‌ನೊಂದಿಗೇ ನೀವು ಗುಟ್ಟಾಗಿ ಮಾತಾಡುತ್ತಿದ್ದೀರಿ’ ಎಂದಷ್ಟೇ ಹೇಳುತ್ತದೆ. ಆ ಹೆಸರು ಇಟ್ಟುಕೊಂಡವರು ಪ್ರಾಮಾಣಿಕರೇ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಮೋಸದ ಸೈಟ್‌ಗೂ ಬೀಗ ಸಿಗುತ್ತದೆ

ಒಂದು ಕಾಲದಲ್ಲಿ ಸರ್ಟಿಫಿಕೇಟ್‌ಗೆ ದುಡ್ಡು ಕೊಡಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಲಾಭಾಪೇಕ್ಷೆಯಿಲ್ಲದ ಸೇವೆ ಎಲ್ಲರಿಗೂ ಉಚಿತವಾಗಿ ಸರ್ಟಿಫಿಕೇಟ್ ಕೊಡಲು ಆರಂಭಿಸಿತು. ಹಳ್ಳಿ ಶಾಲೆಯ ಸೈಟ್‌ಗೂ ಬ್ಯಾಂಕಿನಷ್ಟೇ ಗಟ್ಟಿಯಾದ ಬೀಗ ಸಿಗುವಂತಾದದ್ದು ದೊಡ್ಡ ಉಪಕಾರ. ಆದರೆ ಹೆಸರೊಂದನ್ನು ಕೊಂಡವರು ಯಾರೇ ಆಗಿರಲಿ, ಕೆಲವೇ ನಿಮಿಷಗಳಲ್ಲಿ ಈ ಬೀಗ ಪಡೆಯಬಹುದು. ಮೋಸಗಾರರೂ ಪಡೆಯುತ್ತಾರೆ. ಬೀಗವನ್ನೇ ನಂಬಿ ಕೂರಬೇಡಿ ಎಂದು 2019ರ ಜೂನ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಿತ್ತು.

ಗೂಗಲ್ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ಬೀಗದ ಗುರುತಿನ ಸರಿಯಾದ ಅರ್ಥ ಹೇಳಿದವರು ಶೇಕಡಾ 11 ಮಂದಿ ಮಾತ್ರ. ಹಾಗಾಗಿ 2023ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬ್ರೌಸರ್‌ನಿಂದ ಬೀಗದ ಚಿತ್ರವನ್ನು ತೆಗೆದು, ಎರಡು ಗೆರೆಗಳ ಮೇಲೆ ಗುಂಡಿ ಇರುವಂಥ ಬೇರೊಂದು ಚಿಹ್ನೆ ಇಟ್ಟರು. ನಿಮ್ಮ ಫೋನಿನಲ್ಲಿ ಬೀಗ ಕಾಣಿಸದಿದ್ದರೆ ಗಾಬರಿ ಬೇಡ. ಬೀಗ ಇದ್ದರೆ ಸಾಕು ಎನ್ನುವ ಫಾರ್ವರ್ಡ್ ಈ ಕಾರಣಕ್ಕೂ ಹಳತಾಗಿದೆ.

ಹಾಗಾದರೆ ನೋಡಬೇಕಾದದ್ದು ಏನು? ಹೆಸರನ್ನು

ವೆಬ್ ವಿಳಾಸವನ್ನು ನಾವು ಮನೆ ವಿಳಾಸ ಓದುವ ಹಾಗೆಯೇ ಓದಬೇಕು. ಮನೆ ವಿಳಾಸದಲ್ಲಿ ಮನೆ ಸಂಖ್ಯೆ, ರಸ್ತೆ, ಊರು, ಜಿಲ್ಲೆ ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ‘ಹಾಸನ ರಸ್ತೆ, ಚನ್ನರಾಯಪಟ್ಟಣ’ ಎಂದು ಬರೆದ ಕಾಗದ ಹಾಸನಕ್ಕೆ ಹೋಗುವುದಿಲ್ಲ, ಚನ್ನರಾಯಪಟ್ಟಣಕ್ಕೆ ಹೋಗುತ್ತದೆ. ಮುಂದೆ ‘ಹಾಸನ’ ಎಂದಿದ್ದರೂ ತೀರ್ಮಾನ ಮಾಡುವುದು ಕೊನೆಯಲ್ಲಿರುವ ಊರು.

ವೆಬ್ ವಿಳಾಸದಲ್ಲೂ ಅಷ್ಟೆ. ಹಾಸನ ಜಿಲ್ಲಾಡಳಿತದ ಸೈಟ್ ‘ಹಾಸನ್ ಡಾಟ್ ಎನ್‌ಐಸಿ ಡಾಟ್ ಇನ್’. ಕೊನೆಯಲ್ಲಿರುವ ‘ಎನ್‌ಐಸಿ ಡಾಟ್ ಇನ್’ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು. ‘ಜಿಒವಿ ಡಾಟ್ ಇನ್’ ಕೂಡ ಸರ್ಕಾರಕ್ಕೆ ಮಾತ್ರ ಮೀಸಲು. ಆದರೆ ‘ಹಾಸನ್ ಡಾಟ್ ಎನ್‌ಐಸಿ ಡಾಟ್ ಇನ್’ ಎಂದಾದ ಮೇಲೂ ಚುಕ್ಕೆ ಇಟ್ಟು ಬೇರೆ ಯಾವುದೋ ಹೆಸರು, ಆಮೇಲೆ ‘ಡಾಟ್ ಕಾಮ್’ ಎಂದಿದ್ದರೆ ಅದು ಆ ಬೇರೆಯವರ ಸೈಟ್. ಚುಕ್ಕೆಯ ಜಾಗದಲ್ಲಿ ಅಡ್ಡಗೆರೆ ಹಾಕಿ ಸರ್ಕಾರದ ಹೆಸರಿನಂತೆ ಕಾಣಿಸುವುದೂ ಹಳೆಯ ತಂತ್ರ. ಮೊದಲ ಓರೆಗೆರೆ ಎಲ್ಲಿ ಬರುತ್ತದೋ ಅಲ್ಲಿ ನಿಂತು, ಅಲ್ಲಿಂದ ಹಿಂದಕ್ಕೆ ಓದಿ. ಅಸಲಿ ಊರು ಅಲ್ಲಿರುತ್ತದೆ.

ಬ್ಯಾಂಕುಗಳ ವಿಷಯದಲ್ಲಿ ಈಗ ಇದು ಇನ್ನಷ್ಟು ಸುಲಭ. ನಕಲಿ ಸೈಟ್‌ಗಳ ಹಾವಳಿ ತಡೆಯಲು ಭಾರತೀಯ ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆಂದೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಕೊನೆಯನ್ನು ಮೀಸಲಿಟ್ಟು, ಆ ವರ್ಷದ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಬೇರೆಯವರಿಗೆ ಈ ಹೆಸರು ಸಿಗುವುದಿಲ್ಲ. ಬ್ಯಾಂಕಿನ ಸೈಟ್ ಎಂದು ಯಾರಾದರೂ ಕೊಂಡಿ ಕಳಿಸಿದರೆ ಕೊನೆಯಲ್ಲಿ ಇದು ಇದೆಯೇ ನೋಡಿ. ನಡುವೆ ಎಲ್ಲೋ ಇದ್ದರೆ ಲೆಕ್ಕಕ್ಕಿಲ್ಲ.

‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂದರೆ ವೈರಸ್ಸೇ?

ಅಲ್ಲ. ಸೈಟ್ ತೋರಿಸಿದ ಸರ್ಟಿಫಿಕೇಟನ್ನು ಫೋನ್ ಒಪ್ಪಲಿಲ್ಲ ಎಂದಷ್ಟೇ ಅದರ ಅರ್ಥ. ವ್ಯಾಪಾರಿಯ ಬಟ್ಟಿನ ಮೇಲೆ ಮುದ್ರೆ ಇಲ್ಲ, ಅಥವಾ ಮುದ್ರೆಯ ಅವಧಿ ಮುಗಿದಿದೆ, ಅಥವಾ ಮುದ್ರೆ ಬೇರೆಯವರ ಹೆಸರಿನಲ್ಲಿದೆ. ಫೋನ್ ಕೊಳ್ಳುವ ಮೊದಲೇ ನಿಮ್ಮ ಕೈ ಹಿಡಿದು ನಿಲ್ಲಿಸಿದೆ. ವೈರಸ್ ಎಂದು ಹೆದರಿಸಿ ಆ್ಯಪ್ ಹಾಕಿಸುವ ಸಂದೇಶವೇ ಇಲ್ಲಿ ನಿಜವಾದ ಅಪಾಯ. ಅಂಥ ಆ್ಯಪ್ ಹಾಕಬೇಡಿ.

ಇದರ ಜೊತೆಗೆ ವಿಳಾಸದ ಪಕ್ಕದಲ್ಲಿ ಬರಿದೇ ‘ನಾಟ್ ಸೆಕ್ಯೂರ್’ ಎಂದು ಕಾಣುವುದು ಬೇರೆ ಸಂಗತಿ. ಆ ಸೈಟ್‌ಗೆ ಸರ್ಟಿಫಿಕೇಟೇ ಇಲ್ಲ, ಅದು ಅಂಚೆ ಕಾರ್ಡ್ ಬಗೆಯದು ಎಂದು ಅದು ತಿಳಿಸುತ್ತದೆ. 2018ರ ಜುಲೈನಿಂದ ಕ್ರೋಮ್ ಎಲ್ಲ ಎಚ್‌ಟಿಟಿಪಿ ಸೈಟ್‌ಗಳಿಗೂ ಹೀಗೆ ಬರೆಯುತ್ತಿದೆ. ಸುದ್ದಿ ಓದಿಕೊಳ್ಳಬಹುದು, ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ ತುಂಬಬಾರದು.

ಪುಟ ತುಂಬ ಎಚ್ಚರಿಕೆ ಬಂದಾಗ ಈ ಕ್ರಮದಲ್ಲಿ ನೋಡಿ:

1. ಫೋನಿನ ದಿನಾಂಕ ಮತ್ತು ಸಮಯ ಸರಿಯಿದೆಯೇ? ಬ್ಯಾಟರಿ ಪೂರ್ತಿ ಖಾಲಿಯಾಗಿ ಎದ್ದ ಹಳೆಯ ಫೋನುಗಳಲ್ಲಿ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ಆಗ ಎಲ್ಲ ಸರ್ಟಿಫಿಕೇಟ್‌ಗಳೂ ‘ಇನ್ನೂ ಶುರುವಾಗಿಲ್ಲ’ ಎಂದು ಕಾಣುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ದಿನಾಂಕ ತಾನೇ ಹೊಂದಿಕೊಳ್ಳುವ ಆಯ್ಕೆಯನ್ನು ಆನ್ ಮಾಡಿ.

2. ರೈಲು ನಿಲ್ದಾಣ, ಲಾಡ್ಜ್, ಹೋಟೆಲಿನ ವೈಫೈನಲ್ಲಿದ್ದೀರಾ? ಅಲ್ಲಿ ಮೊದಲು ಲಾಗಿನ್ ಪುಟ ತೋರಿಸಲು ನಿಮ್ಮ ಸಂಪರ್ಕವನ್ನು ನಡುವೆ ತಡೆಯುತ್ತಾರೆ. ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿ.

3. ಎಲ್ಲ ಸೈಟ್‌ಗಳಲ್ಲೂ ಹೀಗೆಯೇ ಆಗುತ್ತಿದೆಯೇ, ಒಂದರಲ್ಲೇ? ಎಲ್ಲದರಲ್ಲೂ ಆದರೆ ತೊಂದರೆ ನಿಮ್ಮ ಫೋನಿನಲ್ಲಿ ಅಥವಾ ನೆಟ್‌ವರ್ಕಿನಲ್ಲಿ. ಒಂದರಲ್ಲೇ ಆದರೆ ಬಹುಪಾಲು ಆ ಸೈಟಿನಲ್ಲಿ.

4. ಫೋನ್ ತೀರಾ ಹಳೆಯದೇ? ನಂಬಬಹುದಾದ ಸಂಸ್ಥೆಗಳ ಪಟ್ಟಿ ಫೋನಿನೊಳಗೇ ಇರುತ್ತದೆ. ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳ ಪಟ್ಟಿಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನ ಈಗಿನ ಮೂಲ ಮುದ್ರೆ ಇಲ್ಲ. ಹಳೆಯ ಫೋನುಗಳಿಗಾಗಿ ಮಾಡಿದ್ದ ತಾತ್ಕಾಲಿಕ ವ್ಯವಸ್ಥೆಯ ಅವಧಿಯೂ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಂಥ ಫೋನಿನಲ್ಲಿ ಸರಿಯಾದ ಸೈಟ್‌ಗೂ ಎಚ್ಚರಿಕೆ ಬರಬಹುದು. ಮನೆಯ ಬೇರೊಂದು ಫೋನಿನಲ್ಲಿ ನೋಡಿದರೆ ಗೊತ್ತಾಗುತ್ತದೆ.

ಇಷ್ಟಾದರೂ ಎಚ್ಚರಿಕೆ ಹೋಗದಿದ್ದರೆ ಹಿಂದಕ್ಕೆ ಬನ್ನಿ. ಹಣ, ಪಾಸ್‌ವರ್ಡ್, ದಾಖಲೆಯ ಕೆಲಸವಿದ್ದರೆ ಯಾವ ಕಾರಣಕ್ಕೂ ಅಡ್ವಾನ್ಸ್‌ಡ್ ಒತ್ತಿ ಮುಂದೆ ಹೋಗಬೇಡಿ. ಕೆಲವು ಸೈಟ್‌ಗಳಲ್ಲಿ ಮುಂದೆ ಹೋಗುವ ದಾರಿಯೇ ಕಾಣುವುದಿಲ್ಲ. ‘ನನ್ನನ್ನು ಬೀಗವಿಲ್ಲದೆ ತೆರೆಯಲೇಬೇಡಿ’ ಎಂದು ಆ ಸೈಟ್ ಮೊದಲೇ ಬ್ರೌಸರ್‌ಗೆ ಹೇಳಿಟ್ಟಿರುತ್ತದೆ.

‘ಪರವಾಗಿಲ್ಲ, ಮುಂದೆ ಒತ್ತಿ’ ಎಂಬ ಅಭ್ಯಾಸ ಏಕೆ ಕೆಟ್ಟದ್ದು?

ಎಚ್ಚರಿಕೆಗೆ ಕಾರಣ ಹೆಚ್ಚಿನ ಸಲ ಮರೆವು. ನವೀಕರಣ ಆಗಿರುವುದಿಲ್ಲ, ಅಷ್ಟೆ. ಆದರೆ ನಡುವೆ ಯಾರೋ ನಿಂತು ಕದ್ದು ಕೇಳುತ್ತಿದ್ದರೂ ಪರದೆಯ ಮೇಲೆ ಬರುವುದು ಅದೇ ಎಚ್ಚರಿಕೆ. ನೋಡಿದವರಿಗೆ ಎರಡರ ನಡುವಿನ ವ್ಯತ್ಯಾಸ ಕಾಣುವುದಿಲ್ಲ.

ಇದು ಊಹೆಯ ಮಾತಲ್ಲ, ನಮ್ಮ ದೇಶದಲ್ಲೇ ನಡೆದ ಪ್ರಕರಣವಿದೆ. 2014ರ ಜುಲೈ 2ರಂದು ಗೂಗಲ್‌ನ ಹೆಸರಿನಲ್ಲಿ ಅನುಮತಿಯಿಲ್ಲದ ಸರ್ಟಿಫಿಕೇಟ್‌ಗಳು ಹೊರಬಿದ್ದಿರುವುದು ಗೂಗಲ್‌ಗೆ ಗೊತ್ತಾಯಿತು. ಅವು ಹೊರಟದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ಟಿಫಿಕೇಟ್ ವಿಭಾಗದಿಂದ. ಅಲ್ಲಿನ ವಿತರಣಾ ವ್ಯವಸ್ಥೆಯೊಳಗೆ ಯಾರೋ ನುಸುಳಿದ್ದರು. ಈ ಮುದ್ರೆಗಳ ಮೇಲ್ವಿಚಾರಣೆ ಮಾಡುವ ಕೇಂದ್ರ ಸರ್ಕಾರದ ಪ್ರಾಧಿಕಾರ ಮರುದಿನವೇ ಆ ವಿಭಾಗದ ಮುದ್ರೆಗಳನ್ನು ರದ್ದುಪಡಿಸಿತು. ತಪ್ಪಾಗಿ ಹೊರಬಿದ್ದದ್ದು ನಾಲ್ಕು, ಮೂರು ಗೂಗಲ್‌ನ ಹೆಸರುಗಳಿಗೆ, ಒಂದು ಯಾಹೂ ಹೆಸರಿಗೆ ಎಂದು ಪ್ರಾಧಿಕಾರ ತಿಳಿಸಿತು. ಅದರಾಚೆಗೂ ತಪ್ಪು ಸರ್ಟಿಫಿಕೇಟ್‌ಗಳು ಇರುವುದು ತನಗೆ ಗೊತ್ತಿದೆ ಎಂದ ಗೂಗಲ್, ಆ ಪ್ರಾಧಿಕಾರದ ಮುದ್ರೆಯನ್ನು ಕ್ರೋಮ್ ಕೆಲವೇ ಭಾರತೀಯ ವಿಳಾಸಗಳಿಗೆ ಒಪ್ಪುವಂತೆ ಮಿತಿಗೊಳಿಸಿತು. ಆ ಮುದ್ರೆಯನ್ನು ನಂಬುತ್ತಿದ್ದದ್ದು ಮೈಕ್ರೋಸಾಫ್ಟ್‌ನ ಪಟ್ಟಿ ಬಳಸುವ ವಿಂಡೋಸ್ ಕಂಪ್ಯೂಟರುಗಳು. ಆಂಡ್ರಾಯ್ಡ್ ಫೋನ್, ಫೈರ್‌ಫಾಕ್ಸ್ ಬ್ರೌಸರ್‌ಗಳು ತಮ್ಮದೇ ಪಟ್ಟಿ ಇಟ್ಟುಕೊಂಡಿದ್ದರಿಂದ ಅವಕ್ಕೆ ತಟ್ಟಲಿಲ್ಲ.

ಮುದ್ರೆ ಒತ್ತುವವರ ಮನೆಗೇ ಕಳ್ಳ ಹೊಕ್ಕರೆ ಏನಾಗಬಹುದು ಎಂಬುದಕ್ಕೆ ಇದು ಉದಾಹರಣೆ. ಇಂಥ ಘಟನೆಗಳಿಂದ ಪಾಠ ಕಲಿತು ಈಗ ಎಲ್ಲ ಸರ್ಟಿಫಿಕೇಟ್‌ಗಳನ್ನೂ ಯಾರು ಬೇಕಾದರೂ ನೋಡಬಹುದಾದ ಬಹಿರಂಗ ದಾಖಲೆಯಲ್ಲಿ ಬರೆಯಲಾಗುತ್ತದೆ. 2018ರ ಏಪ್ರಿಲ್ 30ರ ನಂತರ ಕೊಟ್ಟ ಸರ್ಟಿಫಿಕೇಟ್ ಆ ದಾಖಲೆಯಲ್ಲಿ ಇಲ್ಲದಿದ್ದರೆ ಕ್ರೋಮ್ ಒಪ್ಪುವುದಿಲ್ಲ. ಇಷ್ಟೆಲ್ಲ ಕಾವಲು ನಿಂತಿರುವುದು ಕೊನೆಗೆ ನಿಮ್ಮ ಪರದೆಯ ಮೇಲಿನ ಆ ಒಂದು ಎಚ್ಚರಿಕೆಗಾಗಿ. ಸಂಘದ ಸೈಟ್‌ನಲ್ಲಿ ಅದನ್ನು ದಾಟಲು ಕಲಿತ ಅಜ್ಜಿ, ನಾಳೆ ಬ್ಯಾಂಕಿನ ನಕಲಿ ಪುಟದಲ್ಲೂ ದಾಟುತ್ತಾರೆ.

ಅದಕ್ಕೇ ಸೈಟ್ ನೋಡಿಕೊಳ್ಳುವವರ ಮೊದಲ ಕೆಲಸ, ಸದಸ್ಯರಿಗೆ “ಸರಿಪಡಿಸುವವರೆಗೆ ಸೈಟ್ ಬಳಸಬೇಡಿ” ಎಂದು ಹೇಳುವುದು. ಎರಡನೆಯ ಕೆಲಸ ಸರಿಪಡಿಸುವುದು. ಅದು ಅಂದುಕೊಂಡಷ್ಟು ಕಷ್ಟವಲ್ಲ.

ಸೈಟ್ ನೋಡಿಕೊಳ್ಳುವವರಿಗೆ: ತೊಂದರೆ ಎಲ್ಲಿದೆ ಎಂದು ಹುಡುಕುವ ಕ್ರಮ

ಎಚ್ಚರಿಕೆಯ ಪುಟದಲ್ಲಿ ದೊಡ್ಡ ಅಕ್ಷರಗಳ ಕೆಳಗೆ ಚಿಕ್ಕದಾಗಿ ಒಂದು ಕೋಡ್ ಇರುತ್ತದೆ. ಸದಸ್ಯರಿಂದ ಅದರ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ‘ಸೈಟ್ ಬರ್ತಿಲ್ಲ’ ಎಂಬ ದೂರಿಗಿಂತ ಆ ಒಂದು ಸಾಲು ಹತ್ತು ಪಟ್ಟು ಉಪಯುಕ್ತ.

*ಕೋಡ್‌ನಲ್ಲಿ ‘ಡೇಟ್ ಇನ್‌ವ್ಯಾಲಿಡ್’ ಎಂದಿದ್ದರೆ:* ಅವಧಿ ಮುಗಿದಿದೆ. ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಸರ್ಟಿಫಿಕೇಟ್ 90 ದಿನ ಬಾಳುತ್ತದೆ. ಅದನ್ನು ‘ಸರ್ಟ್‌ಬಾಟ್’ನಂಥ ತಂತ್ರಾಂಶ ತಾನೇ ನವೀಕರಿಸಬೇಕು. ನಿಂತುಹೋಗಲು ಸಾಮಾನ್ಯ ಕಾರಣಗಳು ಮೂರು. ಒಂದು, ಸರ್ವರ್‌ನ 80ನೇ ಪೋರ್ಟ್ ಮುಚ್ಚಿರುವುದು. ಸೈಟ್ 443ನೇ ಪೋರ್ಟ್‌ನಲ್ಲಿ ನಡೆಯುತ್ತದಲ್ಲ, 80 ಏಕೆ ಎಂದು ಫೈರ್‌ವಾಲ್‌ನಲ್ಲಿ ಮುಚ್ಚಿಬಿಡುತ್ತಾರೆ. ಆದರೆ ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ‘ಈ ಹೆಸರು ನಿಮ್ಮದೇ?’ ಎಂದು ಪರೀಕ್ಷಿಸಲು ಬರುವುದು 80ರ ಬಾಗಿಲಿಗೇ. ಎರಡು, ಸರ್ವರ್ ಬದಲಿಸಿದಾಗ ಡೊಮೈನ್ ಹಳೆಯ ಸರ್ವರ್‌ನ ವಿಳಾಸವನ್ನೇ ತೋರಿಸುತ್ತಿರುವುದು. ಐಪಿ ಆವೃತ್ತಿ 4ರ ವಿಳಾಸ ತಿದ್ದಿ, ಆವೃತ್ತಿ 6ರದ್ದನ್ನು ಮರೆಯುವುದು ಬಹಳ ಸಾಮಾನ್ಯ. ಮೂರು, ನವೀಕರಣ ಆಗಿದೆ, ಆದರೆ ಎನ್‌ಜಿನ್‌ಎಕ್ಸ್ ಅಥವಾ ಅಪಾಚೆಗೆ ಹೊಸ ಕಡತವನ್ನು ಓದಲು ಯಾರೂ ಹೇಳಿಲ್ಲ. ಅದು ಹಳೆಯ ಸರ್ಟಿಫಿಕೇಟನ್ನೇ ತೋರಿಸುತ್ತ ಕುಳಿತಿರುತ್ತದೆ. ಸರ್ವರ್ ತಂತ್ರಾಂಶವನ್ನು ರಿಲೋಡ್ ಮಾಡಿದರೆ ಸಾಕು. ಪ್ರತಿ ನವೀಕರಣದ ನಂತರ ತಾನೇ ರಿಲೋಡ್ ಆಗುವಂತೆ ಸರ್ಟ್‌ಬಾಟ್‌ಗೆ ಹೇಳಿಡಬಹುದು.

*‘ಕಾಮನ್ ನೇಮ್ ಇನ್‌ವ್ಯಾಲಿಡ್’ ಎಂದಿದ್ದರೆ:* ಸರ್ಟಿಫಿಕೇಟ್ ಇದೆ, ಹೆಸರು ಹೊಂದುತ್ತಿಲ್ಲ. ಮುಂದೆ ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ’ ಇರುವ ವಿಳಾಸ ಮತ್ತು ಇಲ್ಲದ ವಿಳಾಸ ಕಂಪ್ಯೂಟರಿನ ಲೆಕ್ಕದಲ್ಲಿ ಎರಡು ಬೇರೆ ಹೆಸರು. ಒಂದಕ್ಕೆ ಮಾತ್ರ ಪಡೆದಿದ್ದರೆ ಇನ್ನೊಂದು ಟೈಪಿಸಿದವರಿಗೆ ಎಚ್ಚರಿಕೆ ಬರುತ್ತದೆ. “ನನಗೆ ಸರಿಯಾಗಿ ಬರುತ್ತೆ, ನಿಮಗ್ಯಾಕೆ ಬರಲ್ಲ” ಎಂಬ ಜಗಳದ ಮೂಲ ಬಹಳ ಸಲ ಇದೇ. ಎರಡೂ ಹೆಸರು ಸೇರಿಸಿ ಸರ್ಟಿಫಿಕೇಟ್ ಪಡೆಯಿರಿ. ಒಂದೇ ಸರ್ವರ್‌ನಲ್ಲಿ ಹಲವು ಸೈಟ್ ಇದ್ದಾಗ, ನಿಮ್ಮ ಹೆಸರಿನ ವಿವರ ಸಿಗದೆ ಸರ್ವರ್ ಪಕ್ಕದ ಸೈಟಿನ ಸರ್ಟಿಫಿಕೇಟ್ ತೋರಿಸುವುದೂ ಉಂಟು.

*‘ಅಥಾರಿಟಿ ಇನ್‌ವ್ಯಾಲಿಡ್’ ಎಂದಿದ್ದರೆ:* ಮುದ್ರೆ ಒತ್ತಿದವರು ಯಾರೆಂದು ಫೋನಿಗೆ ಗೊತ್ತಾಗುತ್ತಿಲ್ಲ. ಪರೀಕ್ಷೆಗೆಂದು ಸರ್ವರ್ ತಾನೇ ಬರೆದುಕೊಂಡ ಸರ್ಟಿಫಿಕೇಟ್ ಹಾಗೇ ಉಳಿದಿರಬಹುದು. ಅಥವಾ ನಡುವಿನ ಕೊಂಡಿ ಬಿಟ್ಟುಹೋಗಿರಬಹುದು. ನಿಮ್ಮ ಸರ್ಟಿಫಿಕೇಟ್‌ಗೆ ಮುದ್ರೆ ಒತ್ತುವುದು ಮೂಲ ಸಂಸ್ಥೆಯಲ್ಲ, ಅದರ ಕೆಳಗಿನ ಒಂದು ನಡು ಸರ್ಟಿಫಿಕೇಟ್. ತಹಸೀಲ್ದಾರರು ಯಾರ ಆದೇಶದಿಂದ ಸಹಿ ಹಾಕುತ್ತಾರೆ ಎಂಬ ಸರಣಿ ಇದ್ದಂತೆ ಇದಕ್ಕೂ ಸರಣಿ ಇದೆ. ಆ ನಡು ಪತ್ರವನ್ನು ನಿಮ್ಮ ಸರ್ವರ್ ಜೊತೆಗೇ ಕಳಿಸಬೇಕು. ಕಳಿಸದಿದ್ದರೆ ಕೆಲವು ಬ್ರೌಸರ್‌ಗಳು ತಾವೇ ಹುಡುಕಿ ತಂದುಕೊಳ್ಳುತ್ತವೆ, ಬಹಳಷ್ಟು ಆ್ಯಪ್‌ಗಳು ತರುವುದಿಲ್ಲ. ‘ಕಂಪ್ಯೂಟರಲ್ಲಿ ತೆರೆಯುತ್ತೆ, ಆ್ಯಪಲ್ಲಿ ತೆರೆಯಲ್ಲ’ ಎಂಬ ಒಗಟಿಗೆ ಇದು ಮೊದಲು ನೋಡಬೇಕಾದ ಉತ್ತರ. ಸರ್ಟ್‌ಬಾಟ್ ಬಳಸುವವರು ಸರ್ವರ್‌ನ ಸೆಟ್ಟಿಂಗ್‌ನಲ್ಲಿ ‘ಸರ್ಟ್’ ಎಂಬ ಕಡತದ ಬದಲು ‘ಫುಲ್‌ಚೈನ್’ ಎಂಬ ಕಡತವನ್ನು ತೋರಿಸಿದರೆ ಸರಣಿ ಪೂರ್ತಿಯಾಗುತ್ತದೆ.

*‘ಕನೆಕ್ಷನ್ ರಿಫ್ಯೂಸ್‌ಡ್’ ಅಥವಾ ‘ಟೈಮ್ಡ್ ಔಟ್’ ಎಂದಿದ್ದರೆ:* ಇದು ಸರ್ಟಿಫಿಕೇಟ್‌ನ ತೊಂದರೆಯಲ್ಲ. 443ನೇ ಪೋರ್ಟ್‌ನಲ್ಲಿ ಯಾರೂ ಬಾಗಿಲು ತೆಗೆಯುತ್ತಿಲ್ಲ. ಸರ್ವರ್ ತಂತ್ರಾಂಶ ಓಡುತ್ತಿದೆಯೇ, ಅದು 443ಕ್ಕೆ ಕಿವಿಗೊಟ್ಟಿದೆಯೇ ನೋಡಿ. ಆಮೇಲೆ ಫೈರ್‌ವಾಲ್ ನೋಡಿ. ಬಾಡಿಗೆ ಸರ್ವರ್‌ಗಳಲ್ಲಿ ಎರಡು ಫೈರ್‌ವಾಲ್ ಇರಬಹುದು: ಸರ್ವರ್‌ನ ಒಳಗೊಂದು, ಕಂಪನಿಯ ನಿಯಂತ್ರಣ ಪುಟದಲ್ಲಿ ಇನ್ನೊಂದು. ಒಂದನ್ನು ತೆರೆದು ಇನ್ನೊಂದನ್ನು ಮರೆಯುವುದು ಸಾಮಾನ್ಯ.

*‘ಎಸ್‌ಎಸ್‌ಎಲ್ ಪ್ರೋಟೋಕಾಲ್ ಎರರ್’ ಅಥವಾ ‘ವರ್ಶನ್ ಮಿಸ್‌ಮ್ಯಾಚ್’ ಎಂದಿದ್ದರೆ:* ಸರ್ವರ್ ಮತ್ತು ಫೋನ್ ಒಂದೇ ಭಾಷೆ ಆಡುತ್ತಿಲ್ಲ. ಟಿಎಲ್‌ಎಸ್ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ನಿವೃತ್ತಿಗೊಳಿಸಲಾಯಿತು. ಸರ್ವರ್‌ನಲ್ಲಿ 1.2 ಮತ್ತು 1.3 ಚಾಲನೆಯಲ್ಲಿರಲಿ. 443ರಲ್ಲಿ ಬೀಗವಿಲ್ಲದ ಸಾದಾ ಎಚ್‌ಟಿಟಿಪಿ ಓಡಿಸಿದ್ದರೂ ಇದೇ ದೋಷ ಕಾಣಬಹುದು.

*ಎಚ್ಚರಿಕೆ ಇಲ್ಲ, ಆದರೆ ಚಿತ್ರ ಅಥವಾ ಅರ್ಜಿಯ ಭಾಗ ಕಾಣುತ್ತಿಲ್ಲ ಎಂದರೆ:* ಪುಟ ಎಚ್‌ಟಿಟಿಪಿಎಸ್ ಆಗಿದೆ, ಅದರೊಳಗಿನ ಕೆಲವು ಕೊಂಡಿಗಳು ಇನ್ನೂ ಹಳೆಯ ಎಚ್‌ಟಿಟಿಪಿಯಲ್ಲೇ ಇವೆ. ಬ್ರೌಸರ್ ಅವನ್ನು ತಡೆಯುತ್ತದೆ. ಆ ಕೊಂಡಿಗಳಿಗೂ ‘ಎಸ್’ ಸೇರಿಸಿ.

ಸರಿಪಡಿಸಿದ ಮೇಲೆ ಕ್ವಾಲಿಸ್ ಸಂಸ್ಥೆಯ ‘ಎಸ್‌ಎಸ್‌ಎಲ್ ಲ್ಯಾಬ್ಸ್’ ಎಂಬ ಉಚಿತ ಪರೀಕ್ಷೆಯಲ್ಲಿ ಸೈಟಿನ ಹೆಸರು ಕೊಟ್ಟು ನೋಡಿ. ಸರಣಿ ಪೂರ್ತಿ ಇದೆಯೇ, ಅವಧಿ ಎಂದಿನವರೆಗೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ.

ಮಾಡಬಾರದ ಮೂರು ಕೆಲಸ

ಒಂದು, ಗಾಬರಿಯಲ್ಲಿ ಮತ್ತೆ ಮತ್ತೆ ಹೊಸ ಸರ್ಟಿಫಿಕೇಟ್ ಕೇಳುವುದು. ಅದೇ ಹೆಸರುಗಳ ಗುಂಪಿಗೆ ಲೆಟ್ಸ್ ಎನ್‌ಕ್ರಿಪ್ಟ್ ವಾರಕ್ಕೆ 5 ಸರ್ಟಿಫಿಕೇಟ್ ಮಾತ್ರ ಕೊಡುತ್ತದೆ. ಮಿತಿ ದಾಟಿದರೆ ಕಾಯಬೇಕಾಗುತ್ತದೆ. ಮೊದಲು ಸರ್ಟ್‌ಬಾಟ್‌ನ ‘ಡ್ರೈ ರನ್’ ಎಂಬ ಅಭ್ಯಾಸ ಆಯ್ಕೆಯಲ್ಲಿ ಪರೀಕ್ಷಿಸಿ.

ಎರಡು, ‘ಪ್ರೈವೇಟ್ ಕೀ’ ಕಡತವನ್ನು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸುವುದು. ಸರ್ಟಿಫಿಕೇಟ್ ಎಲ್ಲರೂ ನೋಡಬಹುದಾದ ಪತ್ರ. ಕೀ ಹಾಗಲ್ಲ, ಅದು ತಿಜೋರಿಯ ಬೀಗದ ಕೈ. ಸಹಾಯ ಮಾಡುತ್ತೇನೆ ಎಂದವರು ಅದನ್ನು ಕೇಳಿದರೂ ಕೊಡಬೇಡಿ. ಈಗಾಗಲೇ ಕಳಿಸಿದ್ದರೆ ಹಳೆಯ ಸರ್ಟಿಫಿಕೇಟ್ ರದ್ದು ಮಾಡಿ, ಹೊಸ ಕೀಲಿಯೊಂದಿಗೆ ಮತ್ತೆ ಪಡೆಯಿರಿ.

ಮೂರು, ತೊಂದರೆ ಬಂತೆಂದು ಸೈಟನ್ನು ಮತ್ತೆ ಎಚ್‌ಟಿಟಿಪಿಗೆ ಇಳಿಸುವುದು. ಅದು ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಯಾರ ಕೈಯಲ್ಲಿದೆ ಬೀಗದ ಕೈ?

ಸಣ್ಣ ಊರಿನ ಸೈಟ್‌ಗಳು ಕೆಡುವುದಕ್ಕೆ ತಂತ್ರಜ್ಞಾನಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸೈಟ್ ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿರುತ್ತಾನೆ. ಡೊಮೈನ್ ಅವನ ಹೆಸರಲ್ಲಿ, ಒಟಿಪಿ ಬರುವುದು ಅವನು ಬಿಟ್ಟುಬಿಟ್ಟ ನಂಬರಿಗೆ. ಅವಧಿ ಮುಗಿದ ದಿನ ಯಾರಿಗೂ ಏನೂ ಮಾಡಲಾಗುವುದಿಲ್ಲ. ಡೊಮೈನೇ ಕೈತಪ್ಪಿದರೆ, ಅದನ್ನು ಕೊಂಡ ಬೇರೆಯವರು ಅದೇ ಹೆಸರಿಗೆ ಸರಿಯಾದ ಬೀಗವನ್ನೂ ಪಡೆದು ನಿಮ್ಮ ಸದಸ್ಯರಿಂದ ಹಣ ಕೇಳಬಹುದು. ಫೋನ್ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಹಾಗಾಗಿ ಡೊಮೈನ್ ಮತ್ತು ಸರ್ವರ್ ಖಾತೆಗಳು ಸಂಸ್ಥೆಯ ಇಮೇಲ್‌ನಲ್ಲಿರಲಿ. ಇಬ್ಬರಿಗಾದರೂ ಪ್ರವೇಶ ಇರಲಿ. ಕೊನೆಯ ದಿನಾಂಕಗಳನ್ನು ಆಡಿಟ್ ದಿನಾಂಕದ ಜೊತೆಯಲ್ಲೇ ಕಚೇರಿ ಪುಸ್ತಕದಲ್ಲಿ ಬರೆದಿಡಿ. ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ಇನ್ನು ನೆನಪಿಸುವವರಿಲ್ಲ.

ವರ್ಷಕ್ಕೊಮ್ಮೆ ಹಣ ಕಟ್ಟಿ ಕೈಯಾರೆ ಸರ್ಟಿಫಿಕೇಟ್ ಹಾಕುವ ಕಾಲವೂ ಮುಗಿಯುತ್ತಿದೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆರೆಯುವಂತೆ ಇದನ್ನೂ ವರ್ಷಕ್ಕೊಮ್ಮೆ ನೋಡಿಕೊಂಡರಾಯಿತು ಎನ್ನುವಂತಿಲ್ಲ. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಸಂಸ್ಥೆಗಳ ಒಕ್ಕೂಟ 2025ರ ಏಪ್ರಿಲ್‌ನಲ್ಲಿ ಒಪ್ಪಿದ ನಿಯಮದಂತೆ ಸರ್ಟಿಫಿಕೇಟ್‌ನ ಗರಿಷ್ಠ ಆಯಸ್ಸು 398 ದಿನದಿಂದ 2026ರ ಮಾರ್ಚ್ 15ಕ್ಕೆ 200 ದಿನಕ್ಕೆ, 2027ರ ಮಾರ್ಚ್ 15ಕ್ಕೆ 100 ದಿನಕ್ಕೆ, 2029ರ ಮಾರ್ಚ್ 15ಕ್ಕೆ 47 ದಿನಕ್ಕೆ ಇಳಿಯುತ್ತದೆ. ಕೀಲಿ ಕಳುವಾದರೂ ಹೆಚ್ಚು ದಿನ ಉಪಯೋಗಕ್ಕೆ ಬಾರದಿರಲಿ ಎಂಬುದು ಉದ್ದೇಶ. ನವೀಕರಣ ತಾನಾಗಿ ಆಗುವ ಏರ್ಪಾಡನ್ನು ಈಗಲೇ ಮಾಡಿಕೊಳ್ಳುವುದು ಲೇಸು.

ಫಾರ್ವರ್ಡ್ ಮಾಡಬೇಕೆಂದರೆ ಇದನ್ನು ಮಾಡಿ

• ಬೀಗ ಇದ್ದರೆ ಮಾತು ಗುಟ್ಟಾಗಿದೆ ಎಂದರ್ಥ. ಎದುರಿಗಿರುವವರು ಒಳ್ಳೆಯವರು ಎಂದಲ್ಲ.

• ವಿಳಾಸದ ಕೊನೆ ಓದಿ. ಸರ್ಕಾರಕ್ಕೆ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’, ಬ್ಯಾಂಕಿಗೆ ‘ಬ್ಯಾಂಕ್ ಡಾಟ್ ಇನ್’.

• ಪುಟ ತುಂಬ ಎಚ್ಚರಿಕೆ ಬಂದರೆ ಅದು ವೈರಸ್ ಅಲ್ಲ. ಫೋನಿನ ದಿನಾಂಕ ನೋಡಿ, ವೈಫೈ ಬದಲಿಸಿ ನೋಡಿ. ಹೋಗದಿದ್ದರೆ ಹಿಂದಕ್ಕೆ ಬನ್ನಿ.

• ‘ಪರವಾಗಿಲ್ಲ, ಮುಂದೆ ಒತ್ತಿ’ ಎಂದು ಯಾರೇ ಹೇಳಿದರೂ ಒತ್ತಬೇಡಿ. ಸೈಟ್ ನೋಡಿಕೊಳ್ಳುವವರಿಗೆ ಸ್ಕ್ರೀನ್‌ಶಾಟ್ ಕಳಿಸಿ.

• ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ‘ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್’ನಲ್ಲಿ ದೂರು ಕೊಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.